ಮಾವನವರು ಮಗನಾಗಿ ಬಾಗಿಲು ಬಡಿದ ದಿನ

ನನ್ನ ಗಂಡ ವಿಜಯಪುರದ ಜೈಲಿನಿಂದ ಹೊರಬರಲು ಎಂಟು ದಿನವಿರುವಾಗ, ಅವನು ಬರುವುದರ ತಾಲೀಮು ತಿಕೋಟಾದ ನಮ್ಮ ಮನೆಯಲ್ಲಿ ನಡೆಯಿತು. ಮಗಳ ಕೈ ಮುರಿದದ್ದಕ್ಕೆ ಅವನಿಗೆ ಶಿಕ್ಷೆಯಾಗಿತ್ತು. ಆಗ ಅವಳಿಗೆ ಆರು ವರ್ಷ, ತಾಲೀಮಿನ ಹೊತ್ತಿಗೆ ಒಂಬತ್ತು. ತಮ್ಮನಿಗೆ ಐದು.

ಸಲಹೆ ಕೊಟ್ಟವರು ನಗರದ ಆಪ್ತಸಮಾಲೋಚಕಿ. ಬಾಯಲ್ಲಿ ಹೇಳಿದರೆ ಸಾಲದು, ಮಾಡಿಸಿ ನೋಡಿ ಎಂದಿದ್ದರು. ಅವನು ಬಾಗಿಲು ಬಡಿದರೆ ಯಾರೂ ತೆರೆಯಬಾರದು. ಮಕ್ಕಳು ಹಿತ್ತಲಿನಿಂದ ಪಕ್ಕದ ಮನೆಯ ಚಾಚಿಯ ಬಳಿ ಹೋಗಬೇಕು. ನಾನು ಪೊಲೀಸರಿಗೆ ಫೋನ್ ಮಾಡಬೇಕು. ಆ ದಿನದ ಡೈರಿಯಲ್ಲಿ ಇರುವುದು ಎರಡೇ ಮಾತು: "ತಾಲೀಮು ಆಯಿತು. ಮೆಂತ್ಯ ಪಲ್ಯ." ಉಳಿದದ್ದು ನೆನಪು. ಅದು ತನಗೆ ಬೇಕಾದಷ್ಟು ನಗುವನ್ನು ಸೇರಿಸಿಕೊಂಡಿರಬಹುದು.

ಮಗನ ಪಾತ್ರ ಮಾವನವರದು. ಒಣದ್ರಾಕ್ಷಿ ವ್ಯಾಪಾರ ಮಾಡಿದವರು, ಯಾವ ಕೆಲಸವನ್ನೂ ಹಗುರಾಗಿ ತೆಗೆದುಕೊಳ್ಳುವವರಲ್ಲ.

"ಕುಡದು ಬರ್ಲ್ಯೋ, ಹಂಗ ಬರ್ಲ್ಯೋ?" ಎಂದು ಕೇಳಿದರು.

"ಹೆಂಗರ ಬರ್ರಿ ಮಾವಾರ."

"ಹೆಂಗರ ಅಂದ್ರ ನಡ್ಯಾಂಗಿಲ್ಲ. ಎರಡಕ್ಕೂ ನಡಿಗಿ ಬ್ಯಾರೆ."

ಓಣಿಯ ತುದಿಗೆ ಹೋಗಿ, ತೂರಾಡುತ್ತ ಬಂದು ಬಾಗಿಲು ಗುದ್ದಿದರು. "ತಗೀರಿಲೇ, ನನ್ನ ಮನಿ ಇದು." ಮಕ್ಕಳು ಹಿತ್ತಲಿಗೆ ಓಡಿದರು. ಚಿಕ್ಕವನು ಚಾಚಿಯ ಕಾಂಪೌಂಡ್ ಹತ್ತಿ, "ಅಜ್ಜಾ, ನಾವು ಓಡಿಹೋಗಾಕತ್ತೇವಿ," ಎಂದು ಕೈ ಬೀಸಿದ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು.

"ಎಂ.ಎ. ಓದಿದಾಕಿ, ಮುಪ್ಪಿನ ಮಾವನ್ನ ಬಿಸಲಾಗ ನಿಂದ್ರಿಸ್ಯಾಳ ನೋಡ್ರಿ."

"ನನ್ನ ಸೊಸಿ ಬಂಗಾರದಂಥಾಕಿ," ಎಂದರು ಮಾವನವರು. "ನೀ ನಡೀಬೇ, ನಾ ಜಗಳಾ ಮಾಡಾಕತ್ತೇನಿ."

ಆಮೇಲೆ, ಯಾರು ಹೇಳಿಕೊಟ್ಟರೋ, ದನಿ ಬದಲಿಸಿದರು. "ಯವ್ವಾ, ನೀರಡಿಸೇತಿ. ಬಾಗಲಾ ತಗೀಬೇ."

ಅತ್ತೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಹೊರಗಿರುವುದು ತಮ್ಮ ಗಂಡ ಎಂದು ಅವರಿಗೆ ಗೊತ್ತು. ಸ್ವಲ್ಪ ಹೊತ್ತಿನ ಹಿಂದೆ ಊಟಕ್ಕೆ ಬಡಿಸಿದವರೂ ಅವರೇ. ಆದರೂ ಎದ್ದು ಹೋಗಿ, ಅಗಳಿ ತೆಗೆದು, ತುಂಬಿದ ತಂಬಿಗೆ ಹಿಡಿದು ನಿಂತರು.

ಮಾವನವರು ಒಳಗೆ ಬರಲಿಲ್ಲ, ನೀರನ್ನೂ ಮುಟ್ಟಲಿಲ್ಲ. "ನಾ ಸುಳ್ಳ ಮಗಾ. ನನಗ ತಗದಿ. ಖರೇ ಮಗಾ ಬಂದ್ರ?"

ಇನ್ನೆರಡು ಸಲ ಮಾಡಿಸಿ ನೋಡಿದೆವು. ಅಡುಗೆಮನೆಯಲ್ಲಿ ಕೂರಿಸಿದರೂ ಅತ್ತೆ ಎದ್ದು ಬಂದರು. ಮೂರನೆಯ ಸಲ ಅಳುತ್ತ ಬಂದು ತೆಗೆದರು.

ಸಂಜೆ ರೊಟ್ಟಿ ಬಡಿಯುತ್ತ ನನಗೆ ಹೇಳಿದರು: "ಆಣಿ ಮಾಡಿದ್ರೂ ನಾ ತಗೀತೇನಿ. ಹೊಟ್ಟ್ಯಾಗ ಹುಟ್ಟ್ಯಾನ. ಕೂಸಿನ ಕೈ ಮುರದದ್ದೂ ಕಂಡೇನಿ. ನನ್ನ ಈ ಮನ್ಯಾಗ ಇಟಗೋಬ್ಯಾಡ. ಸಾರವಾಡದಾಗ ನನ್ನ ತಮ್ಮ ಅದಾನ. ಮಗನ್ನ ಅಲ್ಲಿಗೇ ಕರಸ್ತೇನಿ."

ಹೋಗಬೇಡಿ ಎಂದು ನಾನು ಹೇಳಿದೆನೇ? ಹೇಳಿದೆ ಎಂದು ಬರೆಯಲು ಆಸೆ. ಹಾಸಿಗೆ ಸುತ್ತಿಕೊಟ್ಟದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಬಿಡುಗಡೆಯ ದಿನ ಮಾವನವರು ಜೈಲಿನ ಬಾಗಿಲಿಗೆ ಹೋಗಿ, ಮಗನನ್ನು ನೇರ ಸಾರವಾಡಕ್ಕೆ ಬಿಟ್ಟು, ಒಬ್ಬರೇ ಬಸ್ಸಿನಲ್ಲಿ ನಮ್ಮ ಬಳಿ ವಾಪಸು ಬಂದರು. ಮಕ್ಕಳು ಚಾಚಿಯ ಮನೆಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯ ಫೋನ್ ಬಂತು.

"ಬಂದಾನ. ಬಾಗಲಾ ನಾನ ತಗದೆ. ಹುಡುಗೂರ ಎಲ್ಲಿ ಅಂದಾ. ಇಲ್ಲಿಲ್ಲ, ರೊಟ್ಟಿ ಐತಿ ಉಣ್ಣು ಅಂದೆ." ಆಮೇಲೆ ಕೇಳಿದರು: "ನೀ ಅಗಳಿ ಹಾಕೀಯೋ ಇಲ್ಲೋ?"

"ಹಾಕೇನ್ರಿ," ಎಂದೆ, ಖಚಿತವಾಗಿ.

ಫೋನ್ ಇಟ್ಟು ಹೋಗಿ ನೋಡಿದೆ. ಹಾಕಿರಲಿಲ್ಲ. ಹಾಕಿದೆ.