ಟೆಸ್ಸಿಯವರ ಸಿನಿಗಾಂಗ್, ನಾನು ಕೇಳದೇ ಉಳಿದ ಕ್ಷಮೆ

ಇಲ್ಲ... ಇದು ಸುಳ್ಳಾಗಬಾರದೇ ಅನ್ನಿಸುತ್ತಿದೆ.

ಬೆಳಿಗ್ಗೆ ನನ್ನ ಟೀಮಿನ ಗುರುರಾಜ್ ಫೋನ್ ಮಾಡಿದಾಗ ನಾನು ಮೀಟಿಂಗ್‌ನಲ್ಲಿದ್ದೆ.
ಆಫೀಸಿನ ವಿಷಯ ಇರಬೇಕೆಂದು ಎರಡು ಸಲ ಕಟ್ ಮಾಡಿದೆ.
ಮೂರನೇ ಸಲ ಎತ್ತಿದೆ.
"ಟೆಸ್ಸಿ ಹೋದ್ಲ್ರಿ ಮೇಡಂ..." ಅಂದರು.
ಎಲ್ಲಿಗೆ ಎಂದು ಕೇಳಿದೆ ನಾನು.
ಎಲ್ಲಿಗೆ ಎಂದು...

ಟೆಸ್ಸಿ, ಅವರ ಹೆಂಡತಿ. ವಯಸ್ಸು ಐವತ್ತಮೂರು.
ವಾಕಿಂಗ್ ಮುಗಿಸಿ ಬಂದು, ಒಂದು ಲೋಟ ನೀರು ಕೇಳಿ, ಸೋಫಾದಲ್ಲಿ ಕೂತವರು ಮತ್ತೆ ಏಳಲಿಲ್ಲ.
ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೇಶ ಬಿಟ್ಟು ಬಂದು ಈ ರೌಂಡ್ ರಾಕ್ ಕಡೆ ನೆಲೆಸಿರುವ ನಮ್ಮ ಕನ್ನಡದವರಲ್ಲಿ ಹಲವರು ಅವರನ್ನು ನೋಡಿದ್ದೀರಿ.
ಫಿಲಿಪೀನ್ಸ್‌ನವರು. ಡೆಂಟಲ್ ಕ್ಲಿನಿಕ್‌ನಲ್ಲಿ ಕೆಲಸ.
ಹುಬ್ಬಳ್ಳಿಯ ಅತ್ತೆಯ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿ ಮಾತಾಡಿಯೇ ಕನ್ನಡ ಕಲಿತವರು.
"ಬರ್ರಿ, ಉಣ್ರಿ" ಎಂದು ಅವರು ಕರೆದರೆ ಮೊದಲ ಸಲ ಕೇಳಿದವರು ತಿರುಗಿ ನೋಡುತ್ತಿದ್ದರು.

ಇದು ಕೇವಲ ಶ್ರದ್ಧಾಂಜಲಿ ಅಲ್ಲ.
ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ... ನಿಮ್ಮೆಲ್ಲರ ಎದುರೇ.

ಕೆಲವು ವರ್ಷಗಳ ಹಿಂದಿನ ನಮ್ಮ ಯುಗಾದಿ ಪಾಟ್‌ಲಕ್, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುವ ಊಟ.
ಊಟದ ಟೇಬಲ್ ಉಸ್ತುವಾರಿ ನನ್ನದು.
ಟೆಸ್ಸಿ ದೊಡ್ಡ ಪಾತ್ರೆಯಲ್ಲಿ ಸಿನಿಗಾಂಗ್ ತಂದಿದ್ದರು.
ಅವರ ಕಡೆಯ ಹುಣಸೆಹುಳಿಯ ಸಾರು ಅದು.
ಸಾಮಾನ್ಯವಾಗಿ ಮೀನೋ ಮಾಂಸವೋ ಇರುತ್ತದೆ. ನಮಗಾಗಿ ಮೂಲಂಗಿ, ಬದನೆ, ಬೆಂಡೆ, ಕೆಸುವಿನ ಗೆಡ್ಡೆ ಮಾತ್ರ ಹಾಕಿದ್ದರು.

ಹಿರಿಯ ಆಂಟಿ ಒಬ್ಬರು ಬಂದು ನನ್ನ ಕಿವಿಯಲ್ಲಿ, "ಅವರ ಅಡುಗೇಲಿ ಫಿಶ್ ಸಾಸ್ ಇಲ್ದೇ ಇರಲ್ವಂತೆ ಕಣೇ... ಯಾಕೆ ರಿಸ್ಕು?" ಅಂದರು.

ಟೆಸ್ಸಿಗೆ ಕೇಳಿಸಿತ್ತು.
"ಮೀನ ಹಾಕಿಲ್ರಿ. ಪಾತ್ರಿನೂ ಹೊಸಾದು ತಂದೇನ್ರಿ, ಇದಕ್ಕಂತನ" ಅಂದರು.

ಅವರು ನಿಜವನ್ನೇ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.
ಗೊತ್ತಿದ್ದೂ, "ಹೌದು ಟೆಸ್ಸಿ, ಆದ್ರೆ ಹಿರಿಯರೆಲ್ಲ ಇದ್ದಾರೆ... ಪ್ಲೀಸ್ ಬೇಜಾರ್ ಮಾಡ್ಕೋಬೇಡಿ" ಎಂದು ನಗುತ್ತಾ ಪಾತ್ರೆಯನ್ನು ಟೇಬಲ್‌ನಿಂದ ಕೆಳಗಿಳಿಸಿದೆ.
ನಾನೇ... ಈ ಕೈಯಿಂದಲೇ.


ಅವರು ಕೂತು ನಮ್ಮ ಹೋಳಿಗೆ ತಿಂದರು. ಚೆನ್ನಾಗಿದೆ ಎಂದರು.
ಹೋಗುವಾಗ ಗಂಡ ಹೆಂಡತಿ ಇಬ್ಬರೂ ಆ ತುಂಬಿದ ಪಾತ್ರೆಯ ಒಂದೊಂದು ಕಿವಿ ಹಿಡಿದು ಕಾರಿನ ತನಕ ನಡೆದರು.
ಬಾಗಿಲಲ್ಲಿ ನಿಂತು ನೋಡಿದೆ. ಓಡಿಹೋಗಿ ತಡೆಯಬಹುದಿತ್ತು.
ನಿಂತೇ ಇದ್ದೆ...

ಆಮೇಲೆ ಅವರು ನಮ್ಮ ಕಾರ್ಯಕ್ರಮಗಳಿಗೆ ಬಂದಾಗಲೆಲ್ಲ ಅಂಗಡಿಯ ಚಿಪ್ಸ್ ಪ್ಯಾಕೆಟ್ ತರುತ್ತಿದ್ದರು.
ಯಾಕೆ ಎಂದು ಯಾರೂ ಕೇಳಲಿಲ್ಲ.

ಹೋದ ವರ್ಷ ಅಮ್ಮ ಮೈಸೂರಿನಿಂದ ಬಂದಿದ್ದಾಗ ಇಲ್ಲಿ ಜ್ವರ ಹಿಡಿದು ಮಲಗಿದರು.
ನಾಲ್ಕು ದಿನ ಗಂಜಿಯೂ ಒಳಗೆ ಇಳಿಯಲಿಲ್ಲ.
ಆಫೀಸಿನಲ್ಲಿ ಗುರುರಾಜ್‌ಗೆ ಹೇಳಿದ್ದೆ ಅಷ್ಟೇ.
ಸಂಜೆ ಬಾಗಿಲು ತೆಗೆದರೆ ಟೆಸ್ಸಿ, ಕೈಯಲ್ಲಿ ಬಿಸಿ ಡಬ್ಬಿ.
ಅಕ್ಕಿ ತೊಳೆದ ನೀರಿನಲ್ಲಿ ಬೇಯಿಸಿದ ಅದೇ ಸಾರು.

ನನಗೆ ಮುಖ ಎತ್ತಲು ಆಗಲಿಲ್ಲ.
"ಟೆಸ್ಸಿ, ಅವತ್ತು ಯುಗಾದಿ ದಿನ ನಾನು..." ಎಂದು ಶುರು ಮಾಡಿದೆ.
"ಬಿಡ್ರಿ ಅದನ್ನ. ಆರಿ ಹೋಗ್ತೈತಿ, ಅಮ್ಮಾರಿಗೆ ಬಿಸಿಬಿಸಿ ಕೊಡ್ರಿ."

ಬಿಡಿ ಅಂದರಲ್ಲ, ನಾನು ಬಿಟ್ಟೇಬಿಟ್ಟೆ!
ಎಷ್ಟು ಸುಲಭವಾಗಿ ಬಿಟ್ಟೆ...

ಮಡಿ ಮೈಲಿಗೆ ಎನ್ನುವ ನನ್ನಮ್ಮ ಎರಡು ಲೋಟ ಕುಡಿದರು.
"ಬೇಳೇನೂ ಇಲ್ಲ, ಪುಡೀನೂ ಇಲ್ಲ, ಆದ್ರೂ ಬಾಯಿಗೆ ರುಚಿ ಬಂತು ನೋಡು. ಹೇಗ್ಮಾಡ್ತಾರೆ, ಕೇಳೇ" ಅಂದರು.
ಊರಿಗೆ ಹೋದ ಮೇಲೂ ಪ್ರತಿ ಭಾನುವಾರದ ಫೋನ್‌ನಲ್ಲಿ, "ಕೇಳಿದ್ಯಾ?"
ಮುಂದಿನ ವಾರ ಅಮ್ಮ... ಮುಂದಿನ ವಾರ.

ಟೆಸ್ಸಿ,
ಹದಿನೈದು ದಿನದ ಹಿಂದೆ ನೀವೇ ಫೋನ್ ಮಾಡಿದ್ದಿರಿ.
"ಶನಿವಾರ ಬರ್ರಿ. ಎಳೇ ಹಲಸಿನಕಾಯಿ ಸಿಕ್ಕೈತಿ. ತೆಂಗಿನ ಹಾಲಾಗ ಹೆಂಗ ಬೇಯಸ್ತೀವಿ ತೋರಸ್ತೀನಿ. ಸಿನಿಗಾಂಗೂ ಮಾಡೂಣು."
ಮಗಳ ಡ್ಯಾನ್ಸ್ ಕ್ಲಾಸ್ ಇದೆ ಎಂದೆ.
ಕ್ಲಾಸ್ ಒಂದು ಗಂಟೆ ಟೆಸ್ಸಿ... ಬರೀ ಒಂದು ಗಂಟೆ.
ನಿಮ್ಮ ಅಡುಗೆಮನೆಯಲ್ಲಿ ನಿಂತರೆ ಆ ಹಳೇ ಮಾತು ಬರುತ್ತದೆ, ಆಗ ನಾನು ಸಾರಿ ಕೇಳಬೇಕಾಗುತ್ತದೆ ಎಂಬ ಹೆದರಿಕೆ ನನಗೆ.
ಅದಕ್ಕೇ ಬರಲಿಲ್ಲ.
ಈಗ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸಿ.
ಈಗ "ಬಿಡ್ರಿ" ಅನ್ನಲು ನೀವಿಲ್ಲ...

ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ.
ಟೆಸ್ಸಿಯವರ ಅಕ್ಕ ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಾರೆ.
ಅವರ ಪದ್ಧತಿಯಂತೆ ಒಂಬತ್ತು ದಿನ ಸಂಜೆ ಮನೆಯಲ್ಲಿ ಪ್ರಾರ್ಥನೆ. ಬಂದವರಿಗೆಲ್ಲ ಊಟ.
"ಅಡಗಿಗೆ ಕೈ ಸಾಲಂಗಿಲ್ರಿ" ಎಂದು ಗುರುರಾಜ್ ಹೇಳುವಾಗ ಅವರ ದನಿ ಒಡೆಯಿತು.
"ನಾನು ಬರ್ತೀನಿ, ಒಂಬತ್ತೂ ದಿನ" ಎಂದೆ.
ಅಕ್ಕ ಏನೂ ಕೇಳದೆ ನನ್ನ ಮುಂದೆ ಒಂದು ಚಾಕು, ಒಂದು ರಾಶಿ ಬೀನ್ಸ್ ಇಟ್ಟರು.
ಹೆಚ್ಚಿದೆ. ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಿದೆ.

ಗೆಳೆಯರೇ, ನೀವೂ ಬನ್ನಿ. ಒಂದು ಸಂಜೆಯಾದರೂ.
ನಮ್ಮಂಥವರಿಗೆ ಸಸ್ಯಾಹಾರ ಬೇರೆ ಮಾಡುತ್ತೇವೆ ಎಂದು ಅಕ್ಕ ಹೇಳಿದ್ದಾರೆ.
ಅವರ ಮಾತು ನಂಬಿ.
ಕೂತು ಊಟ ಮಾಡಿ.

ಹೋಗಿ ಬನ್ನಿ ಟೆಸ್ಸಿ...
ನಿಮ್ಮ ಜೀವ ಎಲ್ಲಿದ್ದರೂ ತಣ್ಣಗಿರಲಿ. 🙏