ಎರಡು ಫ್ಯೂಜಿನ ಮನೆಗಳು

1957ರಲ್ಲಿ ನಾನು ನಾಗಪುರದ ಸೀತಾಬರ್ಡಿಯಲ್ಲಿ ಒಬ್ಬ ಇಲೆಕ್ಟ್ರಿಕ್ ಕಾಂಟ್ರಾಕ್ಟರರ ಕೈಕೆಳಗೆ ಸುಪರ್‌ವೈಜರ್ ಆಗಿದ್ದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಗದಗಿನ ಕಡೆಯಿಂದ ರೈಲ್ವೆ ನೌಕರಿಗೆ ಬಂದಿದ್ದ ನಮ್ಮ ತಂದೆ ನಾಗಪುರದಲ್ಲೇ ತೀರಿಕೊಂಡರು. ಮನೆ ನಡೆಯಬೇಕಲ್ಲ, ಪಾಟಿ ಇಟ್ಟು ಚಾಣ-ಸುತ್ತಿಗೆ ಹಿಡಿದೆ. ಸುಪರ್‌ವೈಜರ್ ಸರ್ಟಿಫಿಕೇಟು ನನಗೆ ಯಾರ ಶಿಫಾರಸಿನಿಂದಲೂ ಬಂದದ್ದಲ್ಲ. ಹಗಲು ಗೋಡೆ ಕೊರೆದು, ಸಂಜೆ ಇಂಗ್ಲಿಷ್ ಪುಸ್ತಕವನ್ನು ಇನ್ನೊಬ್ಬರಿಂದ ಓದಿಸಿಕೊಂಡು, ಬಾಯಿಪಾಠ ಮಾಡಿ ಪಡೆದದ್ದು.

ಓದುವವರಿಗೆ ತಿಳಿಯಲೆಂದು ಮೊದಲೇ ಹೇಳುತ್ತೇನೆ. ನಮ್ಮ ಉದ್ಯೋಗದಲ್ಲಿ ಮೂರು ಬಗೆಯ ಸರಕಾರಿ ಒಪ್ಪಿಗೆ ಬೇಕು. ಲೈಸೆನ್ಸ್ ಕಾಂಟ್ರಾಕ್ಟರನಿಗೆ, ಅಂದರೆ ಅಂಗಡಿಯ ಮಾಲಕನಿಗೆ. ಸರ್ಟಿಫಿಕೇಟ್ ಕೆಲಸದ ಮೇಲೆ ನಿಗಾ ಇಡುವ ಸುಪರ್‌ವೈಜರನಿಗೆ. ಪರ್ಮಿಟ್ ತಂತಿ ಮುಟ್ಟುವ ವೈರ್‌ಮನ್ನನಿಗೆ. ಸುಪರ್‌ವೈಜರ್ ಆಗುವ ಮೊದಲು ನಾನು ಪರ್ಮಿಟ್ಟನ್ನೂ ಪಡೆದಿದ್ದೆ. ಪರ್ಮಿಟ್ ಇಲ್ಲದವನು ಏಣಿ ಹೊರಬಹುದು, ಗೋಡೆಗೆ ತೂತು ಹೊಡೆಯಬಹುದು, ಅದರಲ್ಲಿ ಕಟ್ಟಿಗೆಯ ಗಿಟ್ಟಿ ಬಡಿಯಬಹುದು; ತಂತಿ ಜೋಡಿಸುವಂತಿಲ್ಲ. ಈ ನಿಯಮ ಮೊದಲೂ ಇತ್ತು, ಕೇಳುವವರು ಇರಲಿಲ್ಲ. ಹಿಂದಿನ ವರ್ಷ ರಾಜ್ಯಗಳು ವಿಂಗಡಣೆಯಾಗಿ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತು. ಅದೇ ಸುಮಾರಿಗೆ ವಿದ್ಯುತ್ತಿನ ಹೊಸ ನಿಯಮಗಳೂ ಬಂದವು. ಆಮೇಲೆ ಕೇಳುವವರು ಬಂದರು.

ಅದರಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ನನಗೆ ಕೆಲಸ ಕಲಿಸಿದ ಫಕೀರಪ್ಪ ಕಾಕಾ. ಅವರೂ ನಮ್ಮ ಕಡೆಯವರೇ. ಹರೆಯದಲ್ಲಿ ನಾಗಪುರದ ಒಂದು ಬಟ್ಟೆ ಗಿರಣಿಗೆ ಬಂದು, ಅಲ್ಲಿನ ಡೈನಮೋ ಖೋಲಿಯಲ್ಲಿ ತಂತಿ ಕೆಲಸ ಕಲಿತವರು. ಆಮೇಲೆ ಗಿರಣಿ ಬಿಟ್ಟು ಮನೆಗಳ ವೈರಿಂಗ್ ಹಿಡಿದರು. ಧಂತೋಲಿ, ಸೀತಾಬರ್ಡಿಯ ಮನೆಗಳಲ್ಲಿ ಅವರು ತಂತಿ ಕೂಡಿಸಲು ಗೋಡೆಗೆ ಹೊಡೆದ ಸಾಗವಾನಿ ಪಟ್ಟಿಗಳನ್ನು ದೂರದಿಂದಲೇ ಗುರುತಿಸಬಹುದಿತ್ತು. ಸೂತ್ರ ಹಿಡಿದಂತೆ ನೇರ. ಅವರ ಕಡೆ ಕೆಲಸ ಕಲಿಯಲು ಹೋದವನು ಮೊದಲ ವರ್ಷ ಗಿಟ್ಟಿ ಬಡಿಯಬೇಕು, ಎರಡನೆಯ ವರ್ಷ ಪಟ್ಟಿ ಹೊಡೆಯಬೇಕು. ತಂತಿ ಕೈಗೆ ಬರುವುದು ಅದರ ನಂತರ. ಆದರೆ ಮನೆ ಮುಗಿದ ದಿನ ಫ್ಯೂಜ್ ಹಾಕುವುದು ಮಾತ್ರ ಕಾಕಾ ಒಬ್ಬರೇ. ಕಾಯಿ ಒಡೆದು, ಚಪ್ಪಲಿ ಬಿಟ್ಟು, ಬೋರ್ಡಿನ ಮುಂದೆ ನಿಂತು ಎರಡು ಫ್ಯೂಜ್ ಹಾಕುತ್ತಿದ್ದರು. ಕರೆಂಟು ಬರುವ ತಂತಿಗೊಂದು, ತಿರುಗಿ ಹೋಗುವ ತಂತಿಗೊಂದು. ಎರಡು ಫ್ಯೂಜ್ ಅಂದರೆ ಫಕೀರಪ್ಪ ಮಿಸ್ತ್ರಿಯ ಕೆಲಸ ಅಂತ ಊರಲ್ಲಿ ಹೆಸರು. ಒಂದೇ ಫ್ಯೂಜ್ ಹಾಕುವವರನ್ನು ಅವರು ಅರ್ಧ ಕೂಲಿಯವರು ಅಂತ ಹಂಗಿಸುತ್ತಿದ್ದರು.

ಗಿರಣಿಯ ಡೈನಮೋದಲ್ಲಿ ಎರಡೂ ತಂತಿಗೆ ಫ್ಯೂಜ್ ಹಾಕುವುದು ಬರೋಬರ್ ಇತ್ತು. ಊರಿಗೆ ವಿದ್ಯುತ್ ಕಂಪನಿ ಕೊಡುವ ಎ.ಸಿ. ಕರೆಂಟಿನ ಲೆಕ್ಕ ಬೇರೆ. ಅದರಲ್ಲಿ ಫೇಜ್ ಎಂಬ ತಂತಿಯೇ ಅಪಾಯದ್ದು. ನ್ಯೂಟ್ರಲ್ ಎಂಬುದು ತಿರುಗಿ ಹೋಗುವ ದಾರಿ. ಅದನ್ನು ಕಂಪನಿಯವರೇ ಭೂಮಿಗೆ ಜೋಡಿಸಿರುತ್ತಾರೆ. ಈ ನ್ಯೂಟ್ರಲ್ಲಿಗೆ ಫ್ಯೂಜ್ ಇರಕೂಡದು, ತಾಮ್ರದ ಗಟ್ಟಿ ಪಟ್ಟಿ ಇರಬೇಕು ಎಂಬುದು ನಿಯಮ. ನಾನು ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಕಾಕಾಗೆ ಹೇಳಿಯೂ ಇದ್ದೆ. ಅವರು ತಂಬಾಕು ತಿಕ್ಕುತ್ತ, "ಪುಸ್ತಕ ಬರದಾಂವ ಏಣಿ ಹತ್ತ್ಯಾನೇನು?" ಅಂದಿದ್ದರು. ಅಲ್ಲಿಗೆ ಮಾತು ಮುಗಿದಿತ್ತು.

ಆ ವರ್ಷ ನಮ್ಮ ಅಂಗಡಿಗೆ ಒಂದು ದೊಡ್ಡ ವಿದ್ಯಾರ್ಥಿನಿಲಯದ ವೈರಿಂಗ್ ಸಿಕ್ಕಿತು. ಮಾಲಕರು ಕಾಕಾನನ್ನೇ ಮುಖ್ಯ ಮಿಸ್ತ್ರಿ ಮಾಡುವವರಿದ್ದರು. ಅಷ್ಟರಲ್ಲಿ ಪರ್ಮಿಟ್ ಇಲ್ಲದವರು ಕೆಲಸದ ಮೇಲೆ ಸಿಕ್ಕರೆ ಅಂಗಡಿಯ ಲೈಸೆನ್ಸೇ ಹೋಗುತ್ತದೆ ಎಂದು ತಾಕೀತು ಬಂತು. ಕಾಕಾ ಕಡೆ ಪರ್ಮಿಟ್ ಇರಲಿಲ್ಲ. ಮಾಲಕರು ನನ್ನನ್ನು ಒಳಗೆ ಕರೆದರು. ಕೆಲಸ ಫಕೀರಪ್ಪ ಮಾಡಲಿ, ಕಾಗದದ ಮೇಲೆ ಬೇರೆ ವೈರ್‌ಮನ್ನನ ಹೆಸರು ಹಾಕಿ ನೀನು ಸಹಿ ಮಾಡು ಅಂದರು. ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ನಾನು ಆಗುವುದಿಲ್ಲ ಅಂದೆ. ನನ್ನ ಸಹಿ ಬೀಳುವುದು ನಾನು ಕಣ್ಣಾರೆ ಕಂಡದ್ದಕ್ಕೆ ಮಾತ್ರ. ಹಳಬರಿಗೆ ಬರವಣಿಗೆಯಿಲ್ಲದೆ ಬಾಯಿಂದ ಕೇಳಿ, ಕೈಯಿಂದ ಮಾಡಿಸಿ ನೋಡುವ ಪರೀಕ್ಷೆ ಇದೆ, ಕಾಕಾ ಅದಕ್ಕೆ ಕೂಡಲಿ, ಅಲ್ಲಿಯವರೆಗೆ ಹೆಲ್ಪರ್ ಆಗಿರಲಿ ಎಂದೆ.

ಇದನ್ನು ಕಾಕಾಗೆ ಹೇಳುವವನೂ ನಾನೇ ಆಗಬೇಕಾಯಿತು. ಅವರು ಸುತ್ತಿಗೆ ಕೈಗೆತ್ತಿಕೊಂಡರು.

"ಗಿಟ್ಟಿ ಬಡಿಯೂದು ನಿನಗ ಯಾರು ಕಲಿಸಿದ್ರೋ ಬಸೂ?"

"ನೀವs ಕಾಕಾ."

"ಹಂಗಾರ ಇವತ್ತ ನಾ ಬಡೀತೇನಿ, ಸೀದಾ ಐತೇನ್ ನೋಡು. ನೀ ಸುಪರ್‌ವೈಜರ್ ಅಲ್ಲಾ?"

ಮರುದಿನದಿಂದ ಅವರು ಹೆಲ್ಪರ್ ಆಗಿ ಬಂದರು. ತಾವೇ ಕಲಿಸಿದ ಹುಡುಗರು ಏಣಿಯ ಮೇಲೆ, ತಾವು ಏಣಿಯ ಬುಡದಲ್ಲಿ. ಕೂಲಿ ಕಡಿಮೆಯಾದದ್ದಕ್ಕೆ ಅವರು ಒಂದು ಮಾತೂ ಆಡಲಿಲ್ಲ. ಆದರೆ ನನ್ನನ್ನು ಕಂಡಾಗಲೆಲ್ಲ ಎಲ್ಲರಿಗೂ ಕೇಳುವಂತೆ, "ಸುಪರ್‌ವೈಜರ್ ಸಾಹೇಬರ, ಏಣಿ ಎಲ್ಲಿಡ್ಲಿ? ಇಲ್ಲಿಡ್ಲ್ಯೋ, ನಿಮ್ಮ ಪುಸ್ತಕದಾಗ ಬ್ಯಾರೆ ಜಾಗಾ ಬರದಾರೋ?" ಅನ್ನುತ್ತಿದ್ದರು. ಹುಡುಗರು ನಗಲಾರದೆ ಗೋಡೆ ಕಡೆ ತಿರುಗುತ್ತಿದ್ದರು. ನಾನು ಏಣಿಯ ಜಾಗ ತೋರಿಸಿ ಮುಂದೆ ಹೋಗುತ್ತಿದ್ದೆ.

ಪರೀಕ್ಷೆ ಸಿವಿಲ್ ಲೈನ್ಸ್‌ನ ಕಚೇರಿಯಲ್ಲಿ ನಡೆಯಿತು. ಒಂದು ಹಲಗೆಯ ಮೇಲೆ ಮೇನ್ ಸ್ವಿಚ್ಚು, ಫ್ಯೂಜು, ಎರಡು ದೀಪ, ಒಂದು ಪ್ಲಗ್ ಜೋಡಿಸಿ ತೋರಿಸಬೇಕು. ಅವರ ಅನುಭವಕ್ಕೆ ಸಾಕ್ಷಿ ಹೇಳಲು ಹೋಗಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ. ಕಾಕಾ ಎಲ್ಲರಿಗಿಂತ ಮೊದಲು ಮುಗಿಸಿದರು. ಹಲಗೆ ಚಿತ್ರ ಬರೆದಂತೆ ಇತ್ತು. ಆದರೆ ಎರಡು ಫ್ಯೂಜ್ ಇದ್ದವು. ಪರೀಕ್ಷಕರು ನಡುವಯಸ್ಸಿನ ಮರಾಠಿ ಅಧಿಕಾರಿ, ಸಮಾಧಾನದ ಮನುಷ್ಯ. ಇಬ್ಬರೂ ಮಾತಾಡಿದ್ದು ಹಿಂದಿಯಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಮಿಸ್ತ್ರಿ, ನ್ಯೂಟ್ರಲ್ಲಿಗೆ ಫ್ಯೂಜ್ ಯಾಕೆ?"

"ನಿಮ್ಮ ಮನಿಗೆ ಎರಡ ಬಾಗಲಾ ಇದ್ರ, ಒಂದಕ್ಕ ಕೀಲಿ ಹಾಕಿ ಮಲಗ್ತೀರೇನ್ರಿ ಸಾಹೇಬರ?"

ಪರೀಕ್ಷಕರು ನಕ್ಕರು. "ಆ ಫ್ಯೂಜ್ ಒಂದೇ ಸುಟ್ಟಿತು ಅನ್ನಿ. ದೀಪ ಆರುತ್ತದೆ. ಫೇಜ್ ಹಾಗೇ ಉಳಿಯುತ್ತದಲ್ಲ?"

"ನಾ ಕೆಲಸಕ್ಕ ನಿಂತ್ರ ಎರಡೂ ಕಿತ್ತ ಕಿಸೇದಾಗ ಇಟ್ಕೋತೇನಿ. ಒಂದs ಕಿತ್ತು ಕೈ ಹಾಕಾಂವ ಕತ್ತೆ."

"ಇನ್ನೊಮ್ಮೆ ಕೇಳುತ್ತೇನೆ. ಆ ಫ್ಯೂಜ್ ತೆಗೆದು ಗಟ್ಟಿ ಪಟ್ಟಿ ಹಾಕುತ್ತೀರಾ?"

ಕಾಕಾ ನನ್ನ ಕಡೆ ನೋಡಿದರು. ಹಾಕಿಬಿಟ್ಟಿದ್ದರೆ ಅಂದೇ ಪರ್ಮಿಟ್ ಸಿಗುತ್ತಿತ್ತು. ಅವರು ಕೈ ಕಟ್ಟಿ ನಿಂತರು. ಪರೀಕ್ಷಕರು ಮುಂದಿನ ಸರದಿಗೆ ಬನ್ನಿ ಎಂದು ಹೇಳಿ ಕಳಿಸಿದರು.

ಹೊರಗೆ ಸೈಕಲ್ ಹತ್ತುವ ಮೊದಲು ನಾನು, ಒಂದು ದಿನದ ಮಟ್ಟಿಗೆ ಅವರು ಹೇಳಿದಂತೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಅಲ್ಲಿ ಹೌದು ಅಂದ್ರ, ಇಷ್ಟ ವರ್ಷ ಮಾಡಿದ ಮನಿಗೊಳೆಲ್ಲಾ ತಪ್ಪು ಅಂದಂಗ ಆತಲ್ಲೋ," ಎಂದರು. ಆಗ ನನಗೆ ಅವರ ಹಟದ ಬೇರು ತಿಳಿಯಿತು. ತಿಳಿದರೂ ಮಾಡುವಂಥದ್ದೇನೂ ಇರಲಿಲ್ಲ. ವಿದ್ಯಾರ್ಥಿನಿಲಯದ ಕೆಲಸ ಮುಂದುವರಿಯಿತು. ಕಾಕಾ ಏಣಿ ಹಿಡಿಯುವುದೂ ಮುಂದುವರಿಯಿತು. ಮುಂದಿನ ಸರದಿಗೆ ಬರುವುದಿಲ್ಲ, ಊರಿಗೆ ಹೋಗಿ ಮಗಳ ಮನೆಯಲ್ಲಿ ಇರುತ್ತೇನೆ ಎಂದು ಹುಡುಗರ ಮುಂದೆ ಹೇಳತೊಡಗಿದ್ದರು.

ದೀಪಾವಳಿಯ ಮುಂಚೆ ಧಂತೋಲಿಯಿಂದ ಒಂದು ತಕರಾರು ಬಂತು. ಬ್ಯಾಂಕಿನಲ್ಲಿದ್ದ ಕನ್ನಡದವರೊಬ್ಬರ ಮನೆ, ಕಾಕಾ ಅವರದೇ ಹಳೆಯ ವೈರಿಂಗು. ನಾನು ಕಾಕಾನನ್ನು ಕರೆದುಕೊಂಡೇ ಹೋದೆ. ಮನೆಯ ಯಜಮಾನತಿ ಸುಶೀಲಾಬಾಯಿಯವರು ಬಲಗೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ದೀಪಗಳೆಲ್ಲ ಒಮ್ಮೆಲೆ ಆರಿದ್ದವು. ಕರೆಂಟು ಹೋಗಿದೆ, ಒಳ್ಳೆಯದೇ ಆಯಿತು ಎಂದು ಅವರು ಸ್ಟೂಲ್ ಹತ್ತಿ, ಬಲ್ಬ್ ತೆಗೆದು, ಹಸಿ ಅರಿವೆಯಿಂದ ಹೋಲ್ಡರ್ ಒರೆಸಿದ್ದರು. ಶಾಕ್ ಹೊಡೆದು ಕೆಳಗೆ ಬಿದ್ದು ಮಣಿಕಟ್ಟು ಮುರಿದಿತ್ತು.

ನಾನು ಬೋರ್ಡು ತೆರೆದೆ. ಫೇಜಿನ ಫ್ಯೂಜ್ ಸುಡದೆ ನೆಟ್ಟಗಿತ್ತು. ನ್ಯೂಟ್ರಲ್ಲಿನದು ಸುಟ್ಟಿತ್ತು. ಟೆಸ್ಟ್ ಲ್ಯಾಂಪ್ ಅಂದರೆ ಎರಡು ತಂತಿ ಕಟ್ಟಿದ ಒಂದು ಬಲ್ಬು. ಅದರ ಒಂದು ತುದಿಯನ್ನು ಹೋಲ್ಡರಿಗೆ, ಇನ್ನೊಂದನ್ನು ಭೂಮಿಗೆ ಇಳಿಸಿದ ಅರ್ಥಿಂಗಿನ ತಂತಿಗೆ ಹಿಡಿದೆ. ಬಲ್ಬು ಪೂರ್ತಿ ಹೊತ್ತಿತು. ಕಾಕಾಗೆ ಕಾಣುವಂತೆ ಅದನ್ನು ಹಾಗೆಯೇ ಹಿಡಿದು ನಿಂತೆ.

ಸುಶೀಲಾಬಾಯಿಯವರು ಕಾಕಾನನ್ನು ಕೇಳಿದರು. "ಮಿಸ್ತ್ರಿಯವರ, ದೀಪ ಆರಿತ್ತು. ಆರಿದ ದೀಪದಾಗ ಕರೆಂಟ್ ಹೆಂಗ ಇರತದ?"

"ಎರಡೂ ಫ್ಯೂಜ್ ಕಿತ್ತಿಟ್ಟು ಕೈ ಹಾಕಬೇಕಾಗಿತ್ರಿ ಬಾಯಾರ."

"ಅದನ್ನ ನಮಗ ಯಾರು ಹೇಳ್ಯಾರ?"

ಅವರು ಸಿಟ್ಟಿನಿಂದ ಕೇಳಲಿಲ್ಲ, ತಿಳಿಯಲೆಂದೇ ಕೇಳಿದರು. ಕಾಕಾ ಬೋರ್ಡಿನ ಹತ್ತಿರ ಬಂದು ಸುಟ್ಟ ಫ್ಯೂಜನ್ನು ನೋಡಿದರು. ಅವರು ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. "ನಿನ್ನ ಕಡೆ ಪರ್ಮಿಟ್ ಐತಿ. ನೀ ತಗಿ. ಗಟ್ಟಿ ಪಟ್ಟಿ ಹಾಕು. ನಾ ಲ್ಯಾಂಪ್ ಹಿಡೀತೇನಿ," ಅಂದರು. ನಾನು ಮೇನ್ ಬಂದ್ ಮಾಡಿ ತಾಮ್ರದ ಪಟ್ಟಿ ಹಾಕಿದೆ. ತಿರುಗಿ ಅಂಗಡಿ ಹತ್ತಿರ ಬಂದಾಗ ಕಾಕಾ, ಮುಂದಿನ ಪರೀಕ್ಷೆ ಯಾವತ್ತು ಎಂದು ಕೇಳಿದರು.

ಎರಡನೆಯ ಸಲವೂ ಅದೇ ಪರೀಕ್ಷಕರು. ಹಲಗೆಯ ಮೇಲೆ ಒಂದೇ ಫ್ಯೂಜು ಕಂಡು ಅವರು ಸುಮ್ಮನೆ ಪಾಸು ಮಾಡಬಹುದಿತ್ತು. ಆದರೆ, ನ್ಯೂಟ್ರಲ್ಲಿಗೆ ಫ್ಯೂಜ್ ಯಾಕಿಲ್ಲ ಎಂದು ಕೇಳಿದರು.

"ಅದು ಸುಟ್ರ ದೀಪ ಆರತೈತಿ, ತಂತಿ ಜೀವಂತ ಇರತೈತಿ. ಮನ್ಯಾಗಿನವರು ಕರೆಂಟ್ ಹೋತು ಅಂತ ಕೈ ಹಾಕ್ತಾರ."

"ಹೋದ ಸಲ ಬೇರೆ ಹೇಳಿದ್ದಿರಿ."

"ಹೋದ ಸಲ ನಾ ನನ್ನ ಕೈ ಬಗ್ಗೆ ಹೇಳಿದ್ದೆ ಸಾಹೇಬರ."

ಪರ್ಮಿಟ್ ಬಂತು. ಮಾಲಕರು ಮುಖ್ಯ ಮಿಸ್ತ್ರಿಯ ಜಾಗ ಕೊಟ್ಟರು, ಕಾಕಾ ಒಪ್ಪಿದರು. ಒಂದೇ ಕರಾರು ಹಾಕಿದರು: ಐತವಾರಗಳು ತಮಗೆ ಬೇಕು, ಮತ್ತು ನಾನು ಜೊತೆಗೆ ಬರಬೇಕು. ಪರ್ಮಿಟ್ ಸಿಕ್ಕ ಮೇಲೂ ಸುಪರ್‌ವೈಜರನ ನಿಗಾ ಇರಬೇಕೆಂಬ ನಿಯಮವನ್ನು ಅವರೇ ನನಗೆ ನೆನಪು ಮಾಡಿಕೊಟ್ಟರು. ಹೀಗೆ ನ್ಯೂಟ್ರಲ್ಲಿನ ಫ್ಯೂಜ್ ತೆಗೆಯಲು ನಾವು ಅವರು ವೈರಿಂಗ್ ಮಾಡಿದ ಹಳೆಯ ಮನೆಗಳ ಬಾಗಿಲು ಬಡಿಯತೊಡಗಿದೆವು. ಎಲ್ಲ ಮನೆಗಳೂ ಅವರಿಗೆ ನೆನಪಿದ್ದವು; ಯಾವ ಗೋಡೆ ಮೆತ್ತಗೆ, ಯಾವ ಮನೆಯವರು ಚಹಾ ಕೊಟ್ಟಿದ್ದರು ಎಂಬುದೂ ಕೂಡ.

ಜನ ಸುಲಭವಾಗಿ ಒಳಗೆ ಬಿಡಲಿಲ್ಲ. ಒಬ್ಬ ಮುದುಕಿ, "ಅಂದು ಎರಡು ಬೇಕೇ ಬೇಕು ಅಂದಿ, ಇಂದು ಒಂದು ಸಾಕು ಅಂತೀ. ಮುಂದಿನ ವರ್ಷ ಕಂದೀಲು ಹಚ್ಚು ಅಂತೀಯೇನಪ್ಪ?" ಎಂದು ಮರಾಠಿಯಲ್ಲಿ ಬೈದು, ಆಮೇಲೆ ತಾನೇ ಸ್ಟೂಲ್ ತಂದುಕೊಟ್ಟಳು. ಒಬ್ಬ ದಲಾಲಿ ವ್ಯಾಪಾರಿ ನಾವು ಕಳ್ಳರಿರಬೇಕೆಂದು ಕಾವಲುಗಾರನನ್ನು ಕರೆದ. ಕೆಲವು ಮನೆ ಮಾರಾಟವಾಗಿದ್ದವು. ಒಂದೆರಡು ಮನೆಗಳನ್ನು ಕೆಡವಿದ್ದರು. ಅವುಗಳ ಮುಂದೆ ಕಾಕಾ ನಿಲ್ಲದೆ ಸೈಕಲ್ ತುಳಿದರು. ತಾಮ್ರದ ಪಟ್ಟಿ ಹಾಕಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಮಾತಿಗೇ ಹೊತ್ತು ಹೋಗುತ್ತಿತ್ತು.

ಸೀತಾಬರ್ಡಿಯ ಒಂದು ಮಾಳಿಗೆ ಮನೆಗೆ ಹೊಸದಾಗಿ ಬಂದಿದ್ದವರು ಒಬ್ಬ ತರುಣ ವಕೀಲರು. ಅವರಿಗೆ ನಮ್ಮ ಗುರುತಿರಲಿಲ್ಲ; ಕಂಪನಿಯವರು ತಪಾಸಣೆಗೆ ಬಂದಿದ್ದಾರೆ ಅಂದುಕೊಂಡು ಒಳಗೆ ಬಿಟ್ಟರು. ನಾನು ವಿಷಯ ವಿವರಿಸಿದೆ. ಅವರು ಬೋರ್ಡಿನೊಳಗೆ ಇಣುಕಿ, "ಯಾವ ಗಮಾರ ಇದನ್ನ ಹಾಕಿದ್ದು?" ಎಂದು ಹಿಂದಿಯಲ್ಲಿ ಕೇಳಿದರು. ಉತ್ತರ ಬೇಕಾಗಿ ಕೇಳಿದ ಪ್ರಶ್ನೆಯಲ್ಲ ಅದು. ನಾನು ಬೇರೆ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಏಣಿಯ ಮೇಲಿಂದ ಕಾಕಾ ಹೇಳಿದರು.

"ನಾನs ರೀ. ಕೆಲಸ ಚಲೋ ಐತಿ, ನೋಡ್ರಿ ಬೇಕಾರ, ಒಂದ ಕ್ಲಿಪ್ ಸಡಲ ಆಗಿಲ್ಲ. ಫ್ಯೂಜ್ ಅಷ್ಟ ತಪ್ಪು. ಅದನ್ನ ತಗ್ಯಾಕ ಬಂದೇನಿ."

ವಕೀಲರು ತಲೆಯೆತ್ತಿ ಸಾಗವಾನಿ ಪಟ್ಟಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ತಾವೇ ಬಂದು ಏಣಿಯ ಬುಡ ಹಿಡಿದುಕೊಂಡರು.

ಮುಂದೆ ನಾನೂ ಬಹಳ ಜನರಿಗೆ ಕೆಲಸ ಕಲಿಸಿದೆ, ಪರ್ಮಿಟ್ಟಿಗೆ ಕಳಿಸಿದೆ. ಅವರಲ್ಲಿ ಜಾಣರು ನಿಯಮಗಳನ್ನು ಹಳಿಯುತ್ತಿದ್ದರು. ಒಳ್ಳೆಯ ಕೈಯಿದ್ದವನಿಗೆ ಸರಕಾರದ ಮುದ್ರೆ ಯಾಕೆ ಎನ್ನುತ್ತಿದ್ದರು. ನಾನು ವಾದ ಮಾಡುತ್ತಿರಲಿಲ್ಲ. ಒಳ್ಳೆಯ ಕೈ ಸಂಜೆಗೆ ತನ್ನ ಸಾಮಾನು ಕಟ್ಟಿಕೊಂಡು ಮನೆಗೆ ಹೋಗುತ್ತದೆ. ಗೋಡೆಯ ಮೇಲೆ ಉಳಿಯುವುದು ತಂತಿ. ಅದನ್ನು ಮುಟ್ಟುವವರು ನಮ್ಮನ್ನು ಕಂಡವರಲ್ಲ.