ಕಾಗದದ ಕೆಳಗಿನ ಮುಖ

ನಮ್ಮ ಮನೆಯೊಡತಿ ನ್ಯಾನ್ಸಿ ಗಿಲ್‌ಕ್ರಿಸ್ಟ್ ಅವರಿಗೆ ನನ್ನ ಮೇಲಿದ್ದ ನಂಬಿಕೆ ನನ್ನ ಮ್ಯಾನೇಜರ್‌ಗೂ ಇರಲಿಲ್ಲ. ಎರಡು ಸಾವಿರದ ಇಸವಿ. ಕಂಪ್ಯೂಟರ್‌ಗಳ ವೈಟುಕೆ ಗದ್ದಲ ಮುಗಿದಿತ್ತು, ಡಾಟ್‌ಕಾಮ್ ಜ್ವರ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಾನೂ ನನ್ನ ಹೆಂಡತಿ ಸುಪ್ರಿಯಾಳೂ ನ್ಯೂಜೆರ್ಸಿಯ ಕೇರ್ನಿಯಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು.

"ನೀನು ಕಂಪ್ಯೂಟರ್‌ನವನಲ್ಲವಾ, ಬದರಿ? ಆ ಕಾಗದ ತೆಗೆಸಿಕೊಡು" ಎಂದರು ಒಂದು ದಿನ. ಯಾವ ಕಾಗದ ಎಂದು ತಿಳಿಯಲು ಅವರಪ್ಪನ ಇಡೀ ಬದುಕನ್ನೇ ಕೇಳಬೇಕಾಯಿತು.

ಅಪ್ಪ ವಾಲ್ಟರ್ ಗಿಲ್‌ಕ್ರಿಸ್ಟ್ ಸ್ಕಾಟ್ಲೆಂಡಿನ ಒಂದು ಗಣಿಯೂರಿನವರು. ವಾರವೆಲ್ಲ ನೆಲದಡಿ ಕಲ್ಲಿದ್ದಲು, ಶನಿವಾರ ಫುಟ್‌ಬಾಲ್. ಮೈದಾನದ ಎಡ ಅಂಚಿನಲ್ಲಿ ಅವರು ಚೆಂಡು ಒದೆಯುತ್ತ ಓಡಿದರೆ ಹಿಡಿಯುವವರಿರಲಿಲ್ಲವಂತೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಅವರ ಕ್ಲಬ್ ಜಿಲ್ಲೆಯ ಕಪ್ ಗೆದ್ದಾಗ ತಂಡದ ಫೋಟೊ ತೆಗೆಸಿ, ಕ್ಲಬ್ಬಿನ ಕೋಣೆಯಲ್ಲಿ ತೂಗುಹಾಕಿದರು.

ಯುದ್ಧದಿಂದ ಬದುಕಿ ಬಂದ ಮೇಲೆ ಕೇರ್ನಿಯ ಒಂದು ದಾರದ ಗಿರಣಿಯವರು ಕರೆದರು: ಗಿರಣಿಯಲ್ಲಿ ಕೆಲಸ, ಗಿರಣಿಯ ತಂಡದಲ್ಲಿ ಆಟ. ಆದರೆ ಊರಿನ ಕ್ಲಬ್ಬಿಗೆ ಮುಂದಿನ ವರ್ಷಕ್ಕೂ ಸಹಿ ಹಾಕಿಯಾಗಿತ್ತು. ಕ್ಲಬ್ ಬಿಟ್ಟುಕೊಡದೆ ಆಟಗಾರ ಬೇರೆಡೆ ಕಾಲಿಡುವಂತಿರಲಿಲ್ಲ; ನಮ್ಮ ಎಚ್-ಒನ್ ವೀಸಾದವರ ಹಣೆಬರಹವೂ ಹೆಚ್ಚು ಕಡಿಮೆ ಅದೇ. ವಾಲ್ಟರ್ ಯಾರಿಗೂ ಹೇಳದೆ ಹಡಗು ಹತ್ತಿದರು. ಕ್ಲಬ್ಬಿನವರು ಫೋಟೊದಲ್ಲಿ ಅವರ ಮುಖಕ್ಕೆ ಬಿಳಿ ಕಾಗದ ಅಂಟಿಸಿಬಿಟ್ಟರು; ಊರಿಂದ ಬಂದ ಪತ್ರದಲ್ಲಿ ಅದು ತಿಳಿಯಿತು.

ಮೂರನೇ ವರ್ಷ ಮಂಡಿ ಮುರಿಯಿತು. ಆಟ ನಿಂತರೆ ಗಿರಣಿಯ ಕೆಲಸವೂ ಹೋಗುವುದು ಅಲ್ಲಿನ ರೂಢಿ. ಆಗ ಪಕ್ಕದ ಸೀಕಾಕಸ್‌ನಲ್ಲಿ ಇವತ್ತಿನ ಗೋದಾಮುಗಳಿರಲಿಲ್ಲ, ಹಂದಿ ಸಾಕುವವರಿದ್ದರು. ಜನ ಚಪ್ಪಾಳೆ ತಟ್ಟಿದ್ದ ಆ ಕಾಲುಗಳು ಉಳಿದ ಆಯುಷ್ಯವನ್ನೆಲ್ಲ ಹಂದಿಗಳ ಕೆಸರಿನಲ್ಲಿ ಎಳೆದಾಡಿದವು.

ತಾಯಿ ಸತ್ತಾಗಲೂ ಅವರು ಊರಿಗೆ ಹೋಗಲಿಲ್ಲ. "ಮುಖವೇ ಇಲ್ಲದವನು ಹೇಗೆ ಹೋಗಲಿ?" ಎನ್ನುತ್ತಿದ್ದರಂತೆ. ಕ್ಷಮೆ ಕೇಳಿದ್ದಕ್ಕೆ ಕ್ಲಬ್ಬಿನಿಂದ ಉತ್ತರ ಬರಲಿಲ್ಲ. ಹಾಗೇ ಸತ್ತರು. ಈಗ ಎಪ್ಪತ್ತೈದು ದಾಟಿದ ಮಗಳಿಗೆ ಬೇರೇನೂ ಬೇಕಿರಲಿಲ್ಲ, ಆ ಕಾಗದ ಕಿತ್ತರೆ ಸಾಕಿತ್ತು.

ಕ್ಲಬ್ಬಿಗೊಂದು ವೆಬ್‌ಸೈಟ್ ಇತ್ತು. ಇಮೇಲ್ ಕಳಿಸಿದೆ. ಕಾರ್ಯದರ್ಶಿ ಮರ್ಯಾದೆಯಿಂದಲೇ ಉತ್ತರಿಸಿದ: ಹಳೆಯ ಕಟ್ಟಡ ಎಷ್ಟೋ ವರ್ಷಗಳ ಹಿಂದೆ ಬೆಂಕಿಗೆ ಆಹುತಿಯಾಯಿತು, ಫೋಟೊಗಳು ಒಂದೂ ಉಳಿದಿಲ್ಲ.

"ಅಜ್ಜಿಗೆ ಹೇಗೆ ಹೇಳ್ತೀಯೋ ಇದನ್ನ?" ಎಂದಳು ಸುಪ್ರಿಯಾ. "ಮೇಲ್ ಬಂದೇ ಇಲ್ಲ ಅಂದ್ಬಿಡು."

"ದಿನಾ ಮೆಟ್ಟಿಲ ಹತ್ರ ನಿಂತು ಕೇಳ್ತಾರೆ ಕಣೇ. ಎಷ್ಟು ದಿನ ಅಂತ ಸುಳ್ಳು ಹೇಳ್ಲಿ?"

ಕೆಳಗಿಳಿದು ಹೇಳಿದೆ. ನ್ಯಾನ್ಸಿ ಒಂದೇ ಮಾತು ಕೇಳಿದರು: "ಸುಡುವಾಗಲೂ ಆ ಕಾಗದ ಇತ್ತಾ?"

ಮತ್ತೆ ಬರೆದೆ. ಈ ಸಲ ಕಾರ್ಯದರ್ಶಿ ಕ್ಲಬ್ಬಿನ ಅತಿ ಹಿರಿಯ ಸದಸ್ಯರನ್ನು ವಿಚಾರಿಸಿ ಅವರ ಮಾತನ್ನೇ ಬರೆದಿದ್ದ. ಅದನ್ನು ನ್ಯಾನ್ಸಿಯವರ ಅಡುಗೆಮನೆಯಲ್ಲಿ ಕೂತು ಓದಿ ಹೇಳಿದೆ: "ಹೌದು, ಕೊನೆಯವರೆಗೂ ಇತ್ತು. ಚಿಕ್ಕಂದಿನಲ್ಲಿ ನಾವೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ. ಕಾಗದದ ಕೆಳಗೆ ಯಾರಿದ್ದಾರೆ ಎಂದು ದೊಡ್ಡವರನ್ನು ಕೇಳುತ್ತಿದ್ದೆವು. ಯಾರೂ ಹೇಳುತ್ತಿರಲಿಲ್ಲ."

ನ್ಯಾನ್ಸಿ ಅತ್ತರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಕೇಳುತ್ತಿದ್ದರಂತಲ್ಲ" ಎಂದರು. "ಹಾಗಾದರೆ ಉತ್ತರ ಕೊಡು, ಬದರಿ. ಅಪ್ಪನ ಹೆಸರು ಬರಿ. ಎಡ ಅಂಚಿನಲ್ಲಿ ಆಡುತ್ತಿದ್ದರು ಅಂತಲೂ ಬರಿ."